ಹಿಕ್ಕೆ ಹಾಕದ ಹಕ್ಕಿಗಳ ಹಬ್ಬ

ಹಕ್ಕಿಗಳ ಕಾಟವಿಲ್ಲದೆ ಹಕ್ಕಿಗಳ ಹಬ್ಬ ನಡೆಸುವುದು ಹೇಗೆಂದು ಕಲಿಯಬೇಕೆನ್ನುವವರು ಈ ಚಳಿಗಾಲ ಕೊಡಗಿಗೆ ಬರಬೇಕಿತ್ತು. ಮಡಿಕೇರಿಗೆ ಹತ್ತಿರದ ಮೈದಾನವೊಂದರಲ್ಲಿ ಹಕ್ಕಿಗಳಿಂದ ಪ್ರೇರಿತವಾದ ಸಮಕಾಲೀನ ಕರಕುಶಲ ಕಲೆಯ ಪ್ರದರ್ಶನ ಏರ್ಪಾಟಾಗಿತ್ತು. ಮೈದಾನದ ಅಂಚಿನಲ್ಲಿ ಹಳೆಯದೊಂದು ಬಸರಿ ಮರ. ಮೈತುಂಬ ಹಣ್ಣು. ಕುಟುರ, ಪಿಕಳಾರ, ಹಸಿರು ಪಾರಿವಾಳಗಳು ಬೆಳಗಿನಿಂದಲೇ ಪಂಕ್ತಿಯಲ್ಲಿ ಕುಳಿತಿದ್ದವು. ತಿಂದ ಮೇಲೆ ಹಕ್ಕಿಗಳು ಏನು ಮಾಡುತ್ತವೆಯೋ ಅದನ್ನೇ ಮಾಡಿದವು. ದುರದೃಷ್ಟಕ್ಕೆ, ಸ್ಥಳ ಪರಿಶೀಲನೆಗೆ ಬಂದಿದ್ದ ಗಣ್ಯರ ಬಿಳಿ ಕಾರು ಕೆಳಗೇ ನಿಂತಿತ್ತು.

ಸಮಿತಿ ಅಂದೇ ಸಂಜೆ ಸಭೆ ಸೇರಿತು. ಮರುದಿನ ಕೊಂಬೆಗಳೆಲ್ಲ ನೆಲಕ್ಕೆ ಬಂದವು. ಬೋಳು ಕಾಂಡಕ್ಕೆ ಫ್ಲೆಕ್ಸ್ ಕಟ್ಟಿದರು: ‘ಬನ್ನಿ, ಹಕ್ಕಿಗಳ ಲೋಕಕ್ಕೆ!’

ಉದ್ಘಾಟನೆಗೆ ಪಾರಿವಾಳ ಹಾರಿಬಿಡುವ ಕಾರ್ಯಕ್ರಮ. ರೆಕ್ಕೆ ಕತ್ತರಿಸಿದ್ದ ಪಾರಿವಾಳಗಳನ್ನು ಯಾರೋ ಅಗ್ಗಕ್ಕೆ ತಂದಿದ್ದರು. ಗಣ್ಯರು ಪಂಜರದ ಬಾಗಿಲು ತೆರೆದು, ಕೈಯೆತ್ತಿ, ಆಕಾಶ ನೋಡುತ್ತ ಛಾಯಾಗ್ರಾಹಕರಿಗಾಗಿ ನಿಂತರು. ಪಾರಿವಾಳಗಳು ನಡೆದುಕೊಂಡು ಹೊರಬಂದು, ಕೆಂಪು ಜಮಖಾನೆಯ ಮೇಲೆ ಬಿದ್ದಿದ್ದ ಅಕ್ಷತೆ ಹೆಕ್ಕುತ್ತ ಮೊದಲ ಸಾಲಿನ ಕುರ್ಚಿಗಳ ಕಡೆಗೆ ಹೊರಟವು. ಭಾಷಣದಲ್ಲಿ ಸ್ವಾತಂತ್ರ್ಯ, ಪರಿಸರ, ಮುಂದಿನ ಪೀಳಿಗೆ ಎಲ್ಲವೂ ಬಂದವು. ‘ನಮ್ಮ ನಾಡಿನ ಹೆಮ್ಮೆಯ ರಾಜ್ಯಪಕ್ಷಿ ಮಂಗಟ್ಟೆ’ ಎಂಬ ಮಾತಿಗೆ ಚಪ್ಪಾಳೆಯೂ ಬಿತ್ತು. ಮಂಗಟ್ಟೆ ರಾಜ್ಯಪಕ್ಷಿಯಾಗುವುದು ಕುಟ್ಟದ ಗಡಿ ದಾಟಿ ಕೇರಳ ಸೇರಿದ ಮೇಲೆ. ಕರ್ನಾಟಕದ ರಾಜ್ಯಪಕ್ಷಿ ನೀಲಕಂಠ. ನೀಲಕಂಠ ಮಳಿಗೆಗಳಲ್ಲಿ ಎಲ್ಲೂ ಇರಲಿಲ್ಲವಾದ್ದರಿಂದ ಯಾರೂ ಆಕ್ಷೇಪಿಸಲಿಲ್ಲ.

ಮರ ಬೋಳಾದ ಮೇಲೆ ಆವರಣ ತೀರಾ ನಿಶ್ಶಬ್ದವಾಯಿತೆಂದು ಧ್ವನಿವರ್ಧಕದಲ್ಲಿ ಹಕ್ಕಿಗಳ ಕೂಗು ಹಾಕಿದರು. ಅದರಲ್ಲಿ ಕುಟುರನ ಕೂಗೂ ಇತ್ತು. ಪಕ್ಕದ ತೋಟದಿಂದ ನಿಜವಾದ ಕುಟುರವೊಂದು, ತನ್ನ ಸರಹದ್ದಿಗೆ ಬಂದ ಈ ಗಂಟಲು ಯಾರದ್ದಪ್ಪಾ ಎಂದು ಸಿಟ್ಟಿಗೆದ್ದು ಉತ್ತರ ಕೊಡತೊಡಗಿತು. ತಾಳ ತಪ್ಪುತ್ತಿದೆ ಎಂದು ಸಂಘಟಕರೊಬ್ಬರು ಧ್ವನಿಯವನಿಗೆ ಹೇಳಿದರು: ‘ಆ ಹೊರಗಿನದ್ದು ಕೇಳಿಸದ ಹಾಗೆ ಸ್ವಲ್ಪ ಜೋರು ಮಾಡಪ್ಪ.’

ಒಳಗಿನ ಕಲೆ ಸಮಕಾಲೀನವೇ, ಅನುಮಾನವಿಲ್ಲ. ಕಿತ್ತ ಕಾಫಿ ಗಿಡದ ಕಾಂಡದಿಂದ ಮಾಡಿದ ಪೆಂಗ್ವಿನ್‌ಗಳ ಒಂದು ದೊಡ್ಡ ಸಾಲೇ ಇತ್ತು. ಕೊಡಗಿಗೂ ಪೆಂಗ್ವಿನ್‌ಗೂ ಏನು ನಂಟು ಎಂದು ಕೇಳಿದರೆ, ‘ಸಾರ್, ಇಲ್ಲಿ ಚಳಿ ಅಲ್ಲವೇ?’ ಎಂಬ ಉತ್ತರ. ಭಾರತದ ಸ್ಕಾಟ್ಲೆಂಡ್ ಎಂದು ತನ್ನನ್ನು ಮಾರಿಕೊಳ್ಳುವ ಜಿಲ್ಲೆಗೆ ಈ ತರ್ಕ ಭಾರವಾಗಬಾರದು. ಮುಂದಿನ ಮಳಿಗೆಯಲ್ಲಿ ಗೀಜಗನ ಗೂಡುಗಳಿಗೆ ಚಿನ್ನದ ಬಣ್ಣ ಸಿಂಪಡಿಸಿ, ಒಳಗೆ ಎಲ್‌ಇಡಿ ಬಲ್ಬು ಇಳಿಬಿಟ್ಟಿದ್ದರು. ಒಂದನ್ನು ಕೈಗೆತ್ತಿಕೊಂಡು ನೋಡಿದೆ. ಗಂಡು ಹಕ್ಕಿ ಎಳೆಎಳೆಯಾಗಿ ಸೀಳಿ ತಂದು ಹೆಣೆದ ಹುಲ್ಲು. ಒಳಗೋಡೆಗೆ ಮೆತ್ತಿದ್ದ ಒಣಗಿದ ಕೆಸರಿನ ಉಂಡೆ. ಆ ಉಂಡೆಯ ಮೇಲೂ ಚಿನ್ನದ ಬಣ್ಣ. ಗೀಜಗ ಮಿಂಚುಹುಳುವನ್ನು ಕೆಸರಿಗೆ ಅಂಟಿಸಿ ಗೂಡಿಗೆ ದೀಪ ಮಾಡಿಕೊಳ್ಳುತ್ತದೆ ಎಂದು ಹಳಬರು ಹೇಳುತ್ತಿದ್ದರು. ಅವರ ಮಾತು ಕೊನೆಗೂ ನಿಜವಾಯಿತು, ಹಕ್ಕಿಯೊಂದನ್ನು ಬಿಟ್ಟು.

ಪ್ರದರ್ಶನದ ಕಳಶಪ್ರಾಯವಾದ ಕೃತಿ ಒಂದು ದೊಡ್ಡ ಮಂಗಟ್ಟೆ. ಆಳೆತ್ತರ, ಒಂದೇ ತುಂಡಿನಲ್ಲಿ ಕೆತ್ತಿದ್ದು. ಕೊಕ್ಕಿನ ಮೇಲಿನ ಹಳದಿ ಶಿರಸ್ತ್ರಾಣದಿಂದ ಬಾಲದ ಕಪ್ಪು ಪಟ್ಟಿಯವರೆಗೆ ಎಲ್ಲವೂ ಸರಿಯಾಗಿತ್ತು. ಕೆತ್ತಿದವನ ಕೈಗೆ ನಾನೂ ತಲೆಬಾಗಿದೆ. ಕೆಳಗಿನ ಫಲಕ ಓದಿದೆ: ‘ಅಳಿವಿನಂಚಿನ ಹಕ್ಕಿಗೆ ನಮನ. ಮಾಧ್ಯಮ: ತೋಟದಲ್ಲಿ ಕಡಿದ ಶತಮಾನದ ಹಲಸಿನ ಮರ.’

ಮಂಗಟ್ಟೆ ತಾನಾಗಿ ಗೂಡು ಕಟ್ಟುವ ಹಕ್ಕಿಯಲ್ಲ. ಹಳೆಯ, ದಪ್ಪ ಮರದಲ್ಲಿ ತಾನೇ ಬಿದ್ದ ಪೊಟರೆ ಅದಕ್ಕೆ ಬೇಕು. ಹೆಣ್ಣು ಆ ಪೊಟರೆಯೊಳಗೆ ಹೊಕ್ಕು, ಕೊಕ್ಕು ತೂರುವಷ್ಟು ಸಂದು ಬಿಟ್ಟು ಬಾಗಿಲು ಮೆತ್ತಿಕೊಳ್ಳುತ್ತದೆ. ಒಳಗೆ ತಿಂಗಳುಗಟ್ಟಲೆ ಬಾಣಂತನ. ಗಂಡು ಅತ್ತಿ, ಬಸರಿ, ಗೋಣಿ ಹಣ್ಣುಗಳನ್ನು ಹೊತ್ತು ತಂದು ಆ ಸಂದಿನಿಂದ ಉಣಿಸುತ್ತದೆ. ಬಾಗಿಲು ಮೆತ್ತಲು ಹೆಣ್ಣು ಬಳಸುವ ಗಾರೆ ಬಹುಪಾಲು ಅದರದೇ ಹಿಕ್ಕೆ. ಸಮಿತಿಗೆ ಇದು ಗೊತ್ತಾಗಿದ್ದರೆ ಮರದ ಮಂಗಟ್ಟೆಯನ್ನೂ ಆವರಣದಿಂದ ಹೊರಗೆ ಹಾಕುತ್ತಿತ್ತು.

ಇನ್ನೊಂದು ಮಳಿಗೆಯಲ್ಲಿ ಹಕ್ಕಿಮನೆಗಳು. ‘ಒಂದು ಕೊಳ್ಳಿರಿ, ಒಂದು ಹಕ್ಕಿಗೆ ಸೂರು ನೀಡಿರಿ.’ ಮಾಡಿದ್ದು ಸಿಲ್ವರ್ ಓಕ್ ಹಲಗೆಯಿಂದ, ತೂಗುಹಾಕಬೇಕಾದದ್ದೂ ಸಿಲ್ವರ್ ಮರಕ್ಕೇ, ಏಕೆಂದರೆ ತೋಟಗಳಲ್ಲಿ ಬೇರೆ ಮರ ಬೇಗ ಸಿಗುವುದಿಲ್ಲ. ಇದಕ್ಕೆ ಬೆಳೆಗಾರನನ್ನು ಬೈದರೆ ಅರ್ಧ ಸತ್ಯ ಹೇಳಿದಂತೆ. ಆಸ್ಟ್ರೇಲಿಯಾದಿಂದ ಬಂದ ಈ ಮರ ನೆಟ್ಟಗೆ ಬೆಳೆಯುತ್ತದೆ, ಕಾಳುಮೆಣಸಿನ ಬಳ್ಳಿ ಹಬ್ಬಿಸಲು ಸಲೀಸು, ಕೆಲವೇ ವರ್ಷಗಳಲ್ಲಿ ಪ್ಲೈವುಡ್‌ನವರು ಬಂದು ದುಡ್ಡು ಎಣಿಸುತ್ತಾರೆ. ಮೇಲಾಗಿ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಸಿಲ್ವರ್ ಕಡಿಯಲು ಅನುಮತಿ ಬೇಡ. ನಂದಿ, ಮತ್ತಿ, ಬೀಟೆ ಬೆಳೆಸಿದವನು ಮುಂದೊಂದು ದಿನ ಅದನ್ನು ಕಡಿಯಲು ಅರ್ಜಿ ಹಿಡಿದು ಕಚೇರಿ ಅಲೆಯಬೇಕು. ನಾಡಿನ ಮರವನ್ನು ಉಳಿಸಲೆಂದು ಬರೆದ ಕಾಯ್ದೆ, ನಾಡಿನ ಮರ ನೆಡುವುದೇ ತಲೆನೋವು ಎಂದು ಬೆಳೆಗಾರನಿಗೆ ಚೆನ್ನಾಗಿ ಕಲಿಸಿಕೊಟ್ಟಿದೆ. ಕೊಡಗಿನ ಸಾವಿರದ ಇನ್ನೂರಕ್ಕೂ ಹೆಚ್ಚು ದೇವರಕಾಡುಗಳಲ್ಲಿ ಹಳೆಯ ಮರಗಳು ಉಳಿದಿದ್ದರೆ, ಅದಕ್ಕೆ ಕಾಯ್ದೆಗಿಂತ ದೇವರ ಭಯವೇ ಹೆಚ್ಚು ಕಾರಣವೆಂದು ನನ್ನ ಗುಮಾನಿ. ಅಲ್ಲೂ ಆ ಭಯ ಒತ್ತುವರಿಗೆ ಜಾಗ ಬಿಟ್ಟುಕೊಡುತ್ತಿದೆ.

ಹಕ್ಕಿಮನೆಗಳು ಚೆನ್ನಾಗಿ ಮಾರಾಟವಾದವು. ಮುದ್ದಾದ ಹೆಂಚಿನ ಸೂರು, ಕಿಟಕಿ, ಚಿಕ್ಕದೊಂದು ಬಾಲ್ಕನಿ. ತೂತು ಎಷ್ಟು ಸಣ್ಣದೆಂದರೆ ಮಂಗಟ್ಟೆಯ ಕೊಕ್ಕಿನ ತುದಿ ಹೋದರೆ ಹೆಚ್ಚು. ಕೊಂಡವರು ಬಾಡಿಗೆಗೆ ಕೊಡುವ ಹೋಂಸ್ಟೇಗೂ ಇದಕ್ಕಿಂತ ಹೆಚ್ಚು ಗಾಳಿ ಬೆಳಕಿನ ಭಾಗ್ಯವಿದ್ದಂತಿಲ್ಲ, ಆ ಮಾತು ಬೇರೆ.

ಮರದ ಮಂಗಟ್ಟೆ ಮೊದಲ ದಿನವೇ ಖರ್ಚಾಯಿತು. ಕೊಂಡವರು ರೆಸಾರ್ಟಿನವರು, ಸ್ವಾಗತ ಕೊಠಡಿಯಲ್ಲಿ ನಿಲ್ಲಿಸಿ, ಕಣ್ಣಿಗೆ ದೀಪ ಹಾಕಿಸುತ್ತಾರಂತೆ. ಅದನ್ನು ನೋಡಿ ಬೇರೆ ರೆಸಾರ್ಟುಗಳವರೂ ಮುಂಗಡ ಕೊಟ್ಟು ಹೋಗಿದ್ದಾರೆ, ಒಬ್ಬರಿಗೆ ಜೋಡಿಯೇ ಬೇಕಂತೆ. ಹೀಗಾಗಿ ಸಮಿತಿ ಈಗ ಊರೂರಿಗೆ ಕರಪತ್ರ ಹಂಚುತ್ತಿದೆ. ತೋಟದಲ್ಲಿ ಹಳೆಯ ಹಲಸಿನ ಮರ ಇರುವವರು ಕೂಡಲೇ ತಿಳಿಸಬೇಕು, ಸುತ್ತಳತೆ ಹೆಚ್ಚಿದ್ದಷ್ಟೂ ಬೆಲೆ ಹೆಚ್ಚು. ಕೆಳಗೊಂದು ಸೂಚನೆಯೂ ಇದೆ: ಪೊಟರೆ ಬಿದ್ದ ಮರ ಕೆತ್ತನೆಗೆ ಬರುವುದಿಲ್ಲ, ಅದನ್ನು ಸೌದೆಯ ದರಕ್ಕೆ ಮಾತ್ರ ಕೊಳ್ಳಲಾಗುವುದು.