ಸಂಜೆಯೊಳಗೆ ಎಲ್ಲ ಮುಗಿಯಬೇಕಂತೆ

ರಜೆಗೆ ನೆಂಟರು ಬಂದರೆ ಮೈಸೂರಿನವರ ಪಾಡು ಕೇಳಬೇಡಿ. ಶ್ರೀರಂಗಪಟ್ಟಣ, ರಂಗನತಿಟ್ಟು, ಸೋಮನಾಥಪುರ, ತಲಕಾಡು, ಎಲ್ಲ ಒಂದೇ ದಿನಕ್ಕೆ! ಸಾಧ್ಯವಾದರೆ ಬಂಡೀಪುರದ ಹುಲಿಯೂ ಸಿಕ್ಕಿಬಿಡಲಿ ಅಂತಾರೆ. ಹುಲಿ ಏನು ಇವರಿಗೋಸ್ಕರ ಕಾಯ್ತಾ ಕೂತಿರುತ್ತಾ?

ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್ ಗೋಡೆಯ ಮೇಲೆ, ಹೈದರ್-ಟಿಪ್ಪು ಬ್ರಿಟಿಷರನ್ನು ಸೋಲಿಸಿದ 1780ರ ಪೊಲ್ಲಿಲೂರು ಯುದ್ಧವನ್ನೇ ಬರೆದಿದ್ದಾರೆ. ಸಾಲು ಸಾಲು ಕುದುರೆ, ನಡುವೆ ಪಲ್ಲಕ್ಕಿಯಲ್ಲಿ ಬೆರಳು ಕಚ್ಚಿಕೊಂಡು ಕೂತ ಬ್ರಿಟಿಷ್ ಕರ್ನಲ್ ಬೈಲಿ. ಅವನನ್ನು ತೋರಿಸೋಣ ಅಂತ ತಿರುಗಿದರೆ ಭಾವ ಆಗಲೇ ಗೇಟಿನ ಹತ್ತಿರ, ಎಳನೀರು ಕುಡಿಯುತ್ತಿದ್ದಾರೆ.

ಸೋಮನಾಥಪುರದ ಹೊಯ್ಸಳ ಗುಡಿ ಹದಿಮೂರನೇ ಶತಮಾನದ್ದು. ಶಿಲ್ಪಿ ಮಲ್ಲಿತಮ್ಮ ವಿಗ್ರಹಗಳ ಕೆಳಗೆ ತನ್ನ ಹೆಸರನ್ನೇ ಕೆತ್ತಿದ್ದಾನೆ. ನಮ್ಮವರು ಅದಕ್ಕೆ ಬೆನ್ನು ಹಾಕಿ ಸೆಲ್ಫಿ ತೆಗೆದು, 'ಬೇಲೂರು ತರಾನೇ ಅಲ್ವಾ, ನಡೀರಿ' ಅಂದರು.

ಊಟದ ಹೋಟೆಲಿನಲ್ಲಿ ಮಾತ್ರ ಯಾರಿಗೂ ಅವಸರವಿಲ್ಲ. ಕಾಫಿ ಎರಡೆರಡು ಸಲ.