ಬಕೆಟ್ ಇಟ್ಟು ಜಾಗ ಹಿಡಿದ ಕಥೆ

ನಿನ್ನೆ ಬೆಳಗ್ಗೆ ಎರಡೂವರೆ ಗಂಟೆ ಸಲಿಕೆ ಹಿಡಿದು ಕಾರು ಅಗೆದು ತೆಗೆದೆ. ಹೌದು, ಅಗೆದು. ಬಾಸ್ಟನ್ನಿನಲ್ಲಿ ರಾತ್ರಿಯೆಲ್ಲ ಸ್ನೋ ಸುರಿದರೆ ಬೆಳಗ್ಗೆ ರಸ್ತೆಬದಿಯಲ್ಲಿ ಕಾರುಗಳು ಇರುವುದಿಲ್ಲ, ಸಾಲಾಗಿ ಬಿಳಿ ಹುತ್ತಗಳಿರುತ್ತವೆ. ಮೊದಲ ಅರ್ಧ ಗಂಟೆ ನಾನು ಅಗೆದದ್ದು ಪಕ್ಕದವರ ಹುತ್ತ. ಆ ವಿಷಯ ಬಿಡಿ.

ಈ ಊರಲ್ಲಿ ಒಂದು ಪದ್ಧತಿಯಿದೆ. ಜಾಗ ಅಗೆದವನು ಕೆಲಸಕ್ಕೆ ಹೋಗುವಾಗ ಅಲ್ಲೊಂದು ಮುರುಕಲು ಕುರ್ಚಿಯನ್ನೋ ಇಸ್ತ್ರಿ ಮೇಜನ್ನೋ ಇಟ್ಟು ಹೋಗುತ್ತಾನೆ. ಸಂಜೆಗೆ ಜಾಗ ಅವನದೇ. ಭಾರಿ ಸ್ನೋ ಬಂದಾಗ ಸಾರುವ ಸ್ನೋ ಎಮರ್ಜೆನ್ಸಿ ಮುಗಿದು 48 ಗಂಟೆವರೆಗೆ ನಗರಾಡಳಿತವೂ ಸುಮ್ನೆ ಇರುತ್ತದೆ. ಇದನ್ನು ಮೊದಲ ಸಲ ಕಂಡಾಗ ನನಗೆ ತವರೂರಿಗೆ ಬಂದಷ್ಟು ಖುಷಿಯಾಗಿತ್ತು. ನಮ್ಮ ಬಸ್ಸಿನ ಟವೆಲ್ಲೇ ಅಲ್ವಾ ಇದು!

ಆದರೆ ಏನು ಇಡುವುದು? ಕುರ್ಚಿ ಎತ್ತಿದೆ. "ಅದು ಸೆಟ್ಟಿಂದು, ಮುಟ್ಟಬೇಡಿ" ಅಂದಳು ಹೆಂಡತಿ. ಇಸ್ತ್ರಿ ಮೇಜು? ಅವಳು ಬರೀ ನೋಡಿದಳು. ಹಳೆಯ ಕುಕ್ಕರ್ ಚಿಕ್ಕದಾಯಿತು. ಕೊನೆಗೆ ಬಚ್ಚಲಿನಿಂದ ನೀಲಿ ಬಕೆಟ್ ತಂದು, ಗಾಳಿಗೆ ಹಾರದಿರಲಿ ಅಂತ ಸ್ನೋ ತುಂಬಿ, ಮೇಲೆ ಮಗ್ ಕವುಚಿ ಇಟ್ಟೆ. ದೂರದಿಂದ ಕಳಶದ ಹಾಗೆ ಕಾಣುತ್ತಿತ್ತು. ಕೈ ಮುಗಿಯುವುದೊಂದು ಬಾಕಿ.

ಸಂಜೆ ಬಂದು ನೋಡಿದರೆ ನನ್ನ ಜಾಗದಲ್ಲಿ ಯಾರದೋ ಕೆಂಪು ಕಾರು. ಬಕೆಟ್ ಪಕ್ಕದ ಗುಡ್ಡೆಯ ಮೇಲೆ ಕೂತಿತ್ತು. ಮಗ್ ಕೂಡ ಹಾಗೇ ಕವುಚಿತ್ತು, ಅಷ್ಟು ಮರ್ಯಾದೆಯಿಂದ ಎತ್ತಿಟ್ಟಿದ್ದಾನೆ! ಒದ್ದಿದ್ದರೂ ಇಷ್ಟು ಉರಿಯುತ್ತಿರಲಿಲ್ಲ. ಮೂರು ಬೀದಿ ಆಚೆ ಕಾರು ನಿಲ್ಲಿಸಿ, ಜಾರದಂತೆ ಬಾತುಕೋಳಿ ನಡಿಗೆಯಲ್ಲಿ ಮನೆ ಸೇರಿದೆ. ಬಕೆಟ್ ತರುವುದು ಮರೆತೇಹೋಯಿತು.

ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಅಪ್ಪ ಕಿಟಕಿಯಿಂದ ಟವೆಲ್ ಎಸೆದರೆ ಮುಗಿಯಿತು. ಒಳಗೆ ಎಷ್ಟೇ ನೂಕುನುಗ್ಗಲಿದ್ದರೂ ಆ ಕೆಂಪು ಚೌಕಳಿ ಟವೆಲ್ ಮೇಲೆ ಯಾರೂ ಕೂರುತ್ತಿರಲಿಲ್ಲ. ಅಪ್ಪ ನಿಧಾನಕ್ಕೆ ಹತ್ತಿ ಬಂದು, ಅದನ್ನು ಕೊಡವಿ ಹೆಗಲಿಗೆ ಹಾಕಿಕೊಂಡು, ನನಗೆ ಕಿಟಕಿ ಪಕ್ಕ ಕೊಡುತ್ತಿದ್ದರು.

ರಾತ್ರಿ ಸ್ನೋ ಬಾಚುವ ಲಾರಿ ಬಂತು. ಕೆಂಪು ಕಾರು ಕನ್ನಡಿಯವರೆಗೆ ಮುಚ್ಚಿಹೋಯಿತು. ಕಾಫಿ ಲೋಟ ಹಿಡಿದು ಕಿಟಕಿಯಲ್ಲಿ ನಿಂತು ಕಣ್ತುಂಬ ನೋಡಿದೆ. ಪಾಪ ಅನ್ನಿಸಲಿಲ್ಲ. ಅದೇ ಲಾರಿ ಬಕೆಟ್ಟನ್ನೂ ಬಾಚಿಕೊಂಡು ಹೋದದ್ದು ಇವತ್ತು ಬೆಳಗ್ಗೆ ಸ್ನಾನಕ್ಕೆ ಹೋದಾಗಲೇ ಗೊತ್ತಾದದ್ದು.

"ಕರಗಿದ ಮೇಲೆ ಸಿಗುತ್ತೆ ಬಿಡು" ಅಂದೆ.

ಹೆಂಡತಿಗೆ 2015 ಚೆನ್ನಾಗಿ ನೆನಪಿದೆ. ಆ ಚಳಿಗಾಲ ಇಲ್ಲಿ 110.6 ಇಂಚು ಬಿದ್ದು ದಾಖಲೆಯಾಗಿತ್ತು, ಅಂದರೆ ಒಂಬತ್ತು ಅಡಿ ಮೇಲೆ. ಲಾರಿಗಳು ಸೀಪೋರ್ಟ್ ಕಡೆ ಸುರಿದ ಗುಡ್ಡ ಪೂರ್ತಿ ಕರಗಿದ್ದು ಜುಲೈ 14ಕ್ಕೆ.

"ಜುಲೈವರೆಗೆ ಚೊಂಬಲ್ಲಿ ಮಾಡಿ" ಅಂದಳು.