ಸ್ಯಾಂಪಲ್ ತಂದಿದ್ದೀರಾ?

ಹೋದ ವಾರ ಸೇಡಂ ರಸ್ತೆಯಲ್ಲಿ ಸಿಮೆಂಟ್ ಲಾರಿಯೊಂದರ ಹಿಂದೆ ದೂಳು ಕುಡಿಯುತ್ತಾ ಕಲಬುರಗಿಗೆ ಮರಳುವಾಗ, ನನ್ನ ಬೈಕಿನ ಎಡಗಡೆಯ ಚೀಲವನ್ನು ಹಿಡಿದಿದ್ದ ಬೋಲ್ಟು ಹೇಳದೆ ಕೇಳದೆ ಇಳಿದುಹೋಯಿತು. ಜೊತೆಗೆ ಅದರ ರಬ್ಬರ್ ವಾಷರನ್ನೂ ಕರೆದುಕೊಂಡು ಹೋಯಿತು. ಕಂಬಿಗೆ ಬೆಸುಗೆ ಹಾಕಿದ ನಟ್ಟು ಮಾತ್ರ ಬಾಯಿ ತೆರೆದುಕೊಂಡು ಉಳಿದಿತ್ತು.

ಶೋರೂಮಿನವರು, "ಬಿಡಿಯಾಗಿ ಬರುವುದಿಲ್ಲ, ಪೂರ್ತಿ ಸೆಟ್ಟೇ ತೆಗೆದುಕೊಳ್ಳಿ" ಎಂದರು. ಗುಂಡಿ ಕಿತ್ತುಹೋದರೆ ಹೊಸ ಅಂಗಿ ಹೊಲಿಸು ಎನ್ನುವ ನ್ಯಾಯ.

ಸರಿ, 42 ಡಿಗ್ರಿ ಬಿಸಿಲಿನಲ್ಲಿ ಸೂಪರ್ ಮಾರ್ಕೆಟ್ ಪೇಟೆಯ ಕಡೆಯ ಒಂದು ನಟ್ಟು-ಬೋಲ್ಟಿನ ಅಂಗಡಿಗೆ ಹೋದೆ. ಮಾಲೀಕರು ತಲೆ ಎತ್ತದೆ ಕೇಳಿದರು.

"ಸ್ಯಾಂಪಲ್ ತಂದಿದ್ದೀರಾ?"

"ಬಿದ್ದುಹೋಗಿದೆ. ಅದಕ್ಕೇ ಬಂದಿದ್ದೇನೆ."

"ಸ್ಯಾಂಪಲ್ ಇಲ್ಲದೆ ಹೇಗೆ ಕೊಡಲಿ?"

ಮೊಬೈಲಿನಲ್ಲಿ ಹುಡುಕಿ, ಪಂಡಿತನ ಧಾಟಿಯಲ್ಲಿ "ಎಂ6" ಎಂದೆ. ಅವರಿಗೆ ಕರುಣೆ ಬಂತು. ಇಲ್ಲಿ ಬೋಲ್ಟನ್ನು ಕರೆಯುವುದು ಅದರ ದಪ್ಪದಿಂದಲ್ಲ, ತಲೆಗೆ ಕೂರುವ ಪಾನದಿಂದ, ಅಂದರೆ ಸ್ಪ್ಯಾನರಿನಿಂದ. ನನ್ನ 6 ಮಿಲಿಮೀಟರ್ ಬೋಲ್ಟು ಅಂಗಡಿಯ ಭಾಷೆಯಲ್ಲಿ "ಹತ್ತು ನಂಬರ್". ಕೊಟ್ಟರು. ಮನೆಗೆ ಬಂದು ತಿರುಗಿಸಿದರೆ ಒಂದೂವರೆ ಸುತ್ತು ಹೋಗಿ ಹಟ ಹಿಡಿದು ನಿಂತಿತು. ಅದು ಕಾಲಿಂಚಿನದು, ಅಂದರೆ 6.35 ಮಿಲಿಮೀಟರ್, ಅದರ ತಿರುಪಿನ ಎಳೆಯೇ ಬೇರೆ. ಕಣ್ಣಿಗೆ ಅವಳಿ, ನಟ್ಟಿಗೆ ಶತ್ರು.

ಮರುದಿನ ಬಲಗಡೆಯ ಬೋಲ್ಟನ್ನೇ ಬಿಚ್ಚಿಕೊಂಡು ಹೋದೆ. ಸ್ಯಾಂಪಲ್ ಕಂಡು ಮಾಲೀಕರ ಮುಖ ಅರಳಿತು. ಅದನ್ನು ಅಂಗೈಯಲ್ಲಿ ತೂಗಿದರು, ಬೆಳಕಿಗೆ ಹಿಡಿದರು, ಎಳೆಯ ಮೇಲೆ ಉಗುರು ಓಡಿಸಿದರು. ವರನ ಜಾತಕ ನೋಡುವವರೂ ಇಷ್ಟು ಹೊತ್ತು ತೆಗೆದುಕೊಳ್ಳುವುದಿಲ್ಲ. ಒಂದು ಡಬ್ಬಿ ಸುರಿದು ಒಂದೊಂದನ್ನೇ ಪಕ್ಕದಲ್ಲಿಟ್ಟು ಹೊಂದಿಸಿದರು. ಇದು ಗಿಡ್ಡ, ಇದು ಉದ್ದ, ಇದರ ತಲೆ ತೆಳು. ಎರಡನೆಯ ಡಬ್ಬಿ. ಮೂರನೆಯದು. ಅಷ್ಟರಲ್ಲಿ ಯಾರದೋ ಫೋನು ಬಂತು. ಅಳಿಯನೋ, ಬೀಗರೋ, ಮಾತು ತೊಗರಿಯ ಧಾರಣೆಯವರೆಗೂ ಹೋಯಿತು. ಮಾತನಾಡುತ್ತಲೇ ಅವರು ಎಡಗೈಯಿಂದ ಮೇಜಿನ ಮೇಲಿದ್ದುದನ್ನೆಲ್ಲ ಬಳಿದು ಡಬ್ಬಿಗೆ ತುಂಬಿದರು. ಎಲ್ಲವನ್ನೂ.

ನಾನು ಕಿರುಚಿದೆ. ಅವರು ಡಬ್ಬಿಯೊಳಗೆ ಇಣುಕಿ ನೋಡಿದರು. ಕನಿಷ್ಠ ಐನೂರು ಬೋಲ್ಟುಗಳು ತಣ್ಣಗೆ ಮಲಗಿದ್ದವು.

"ಚಿಂತೆ ಮಾಡಬೇಡಿ, ಹುಡುಕಿಕೊಡುತ್ತೇನೆ," ಎಂದರು. "ಇನ್ನೊಂದು ಸ್ಯಾಂಪಲ್ ಇದೆಯೇ?"

ನಮ್ಮ ಅಜ್ಜನ ಬಳಿ ಒಂದು ಹಸಿಬೆ ಚೀಲವಿತ್ತು. ಅರ್ಧ ಎದೆಯ ಮೇಲೆ, ಅರ್ಧ ಬೆನ್ನ ಮೇಲೆ. ಸಂತೆಯಿಂದ ಬಂದು ಅದನ್ನು ಹೆಗಲಿನಿಂದ ಇಳಿಸಿದರೆ ಒಂದು ಬಾಯಿಯಿಂದ ಉಪ್ಪು, ಬೆಲ್ಲ, ಇನ್ನೊಂದರಿಂದ ನಮಗೆಂದು ತಂದ ಚುರುಮುರಿ ಹೊರಬರುತ್ತಿತ್ತು. ಅದನ್ನು ಹಿಡಿದು ನಿಲ್ಲಿಸಲು ಅಜ್ಜನ ಹೆಗಲೊಂದೇ ಸಾಕಾಗಿತ್ತು.

ನನ್ನ ಎರಡೂ ಚೀಲಗಳು ಈಗ ಸುತಳಿಯಲ್ಲಿವೆ. ನಿನ್ನೆ ಕಚೇರಿಯ ಮುಂದೆ ನನ್ನಂಥದೇ ಬೈಕು, ಅಂಥದೇ ಚೀಲ ನಿಂತಿದ್ದವು. ಸುತ್ತ ಯಾರೂ ಇರಲಿಲ್ಲ. ಜೇಬಿನಲ್ಲಿ ಹತ್ತು ನಂಬರ್ ಪಾನವಿತ್ತು. ಸುಳ್ಳು ಹೇಳುವುದಿಲ್ಲ, ಬಗ್ಗಿ ನೋಡಿದೆ.

ಅವನದೂ ಸುತಳಿ.